ಗೋಬಿಯ ಕೆಂಪು

ಸೆಪ್ಟೆಂಬರ್ ಬಂತೆಂದರೆ ನಮ್ಮ ಹೆಣ್ಣುಮಕ್ಕಳ ಹೊಟ್ಟೆಯ ಮೇಲೆ ನಾಡಿಗೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕುತ್ತದೆ. ಉಳಿದ ಹನ್ನೊಂದು ತಿಂಗಳು ಅದೇ ಹೊಟ್ಟೆ ‘ಯಾಕೋ ಸ್ವಲ್ಪ ದಪ್ಪ ಆದ್ಲಲ್ಲ’ ಅನ್ನುವ ಮಾತಿಗೆ ಸರಕು. 2018ರಿಂದ ಈ ತಿಂಗಳಿಗೆ ‘ಪೋಷಣ ಮಾಸ’ ಎಂದು ಹೆಸರು ಬೇರೆ. ಹೆಸರಿದ್ದ ಮೇಲೆ ಬ್ಯಾನರು.

ಅಂಥ ಒಂದು ಬ್ಯಾನರಿನ ಕೆಳಗೆ ಕೂರುವ ಭಾಗ್ಯ ನನಗೂ ಬಂತು. ಪಕ್ಕದ ಮನೆಯ ಪಿಯುಸಿ ಹುಡುಗಿ ‘ಪೌಷ್ಟಿಕ ರಂಗೋಲಿ’ ಹಾಕ್ತೀನಿ, ಬನ್ನಿ ಅಂಕಲ್ ಅಂದಳು. ಪೌಷ್ಟಿಕ ರಂಗೋಲಿ ಗೊತ್ತಲ್ಲ? ತಿನ್ನಬೇಕಾದ್ದನ್ನು ನೆಲಕ್ಕೆ ಹಾಕುವ ಕಲೆ. ಕ್ಯಾರೆಟ್ ತುರಿಯ ಕೇಸರಿ, ಮೂಲಂಗಿಯ ಬಿಳಿ, ನುಗ್ಗೆಸೊಪ್ಪಿನ ಹಸಿರು. ಕೆಳಗೆ ಅಲಸಂದೆ ಕಾಳಿನಲ್ಲಿ ‘ರಕ್ತಹೀನತೆ ಮುಕ್ತ ಭಾರತ’. ಕೊನೆಕೊನೆಗೆ ಕಾಳು ಸಾಲದೆ ‘ಕ್ತ’ದ ಒತ್ತು ಬಿಟ್ಟುಹೋಗಿ, ಭಾರತ ‘ಮುಕ’ ಆಗಿ ನಿಂತಿತ್ತು. ತೀರ್ಪುಗಾರರು ಬಂದರು, ಫೋಟೊ ಹೊಡೆಸಿಕೊಂಡರು, ಹೋದರು. ಅಷ್ಟೂ ಸೊಪ್ಪನ್ನು ಜವಾನ ಗುಡಿಸಿ ಕಾಂಪೌಂಡಿನಾಚೆಯ ಹಸುವಿಗೆ ಹಾಕಿದ. ಆ ದಿನ ಆ ಕಾಲೇಜಿನಲ್ಲಿ ಕಬ್ಬಿಣಾಂಶ ಕಂಡ ಜೀವ ಅದೊಂದೇ.

ಮುಖ್ಯ ಅತಿಥಿಗಳು ‘ನೀವು ಮೊದ್ಲು ಗೋಬಿ ತಿನ್ನೋದು ಬಿಡ್ರಮ್ಮಾ’ ಎಂದು ಶುರು ಮಾಡಿ ನಲವತ್ತು ನಿಮಿಷ ತೆಗೆದುಕೊಂಡರು. ಗೋಬಿ, ಪಾನಿಪುರಿ, ಡಯಟ್ಟು, ಮೊಬೈಲು, ಮತ್ತೆ ಗೋಬಿ. ವಾಕ್ಯಕ್ಕೊಂದರಂತೆ ಮುಂದಿನ ತಟ್ಟೆಯ ಗೋಡಂಬಿ ಖಾಲಿಯಾಗುತ್ತಿತ್ತು.

ಗೋಬಿಯ ಮೇಲೆ ಈ ರಾಜ್ಯಕ್ಕಿರುವ ಕಣ್ಣು ಸಾಮಾನ್ಯದ್ದಲ್ಲ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೂ ಕಾಟನ್ ಕ್ಯಾಂಡಿಗೂ ಕೃತಕ ಬಣ್ಣ ಹಾಕುವ ಹಾಗಿಲ್ಲ ಎಂದು ಸರ್ಕಾರ ನಿಷೇಧ ಹೇರಿದ್ದು ನಿಮಗೆ ನೆನಪಿದೆ. ಕಾಟನ್ ಕ್ಯಾಂಡಿಯಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಸಿಕ್ಕಿತ್ತು. ನಿಷೇಧ ಸರಿಯೇ, ತಕರಾರಿಲ್ಲ. ಗೋಬಿಯ ಕೆಂಪು ನಕಲಿ ಎಂದು ಪತ್ತೆ ಹಚ್ಚಲು ಪ್ರಯೋಗಾಲಯ ಇತ್ತು, ಟೀವಿ ಇತ್ತು, ಪತ್ರಿಕಾಗೋಷ್ಠಿಯೂ ಇತ್ತು. ಅದೇ ಗಾಡಿಯ ಮುಂದೆ ನಿಂತ ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ಅಲ್ಲಿ ಎಷ್ಟು ಕೆಂಪಿದೆ ಎಂದು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ.

ನೋಡಿದವರು ಇಲ್ಲವೆಂದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ದೇಶದ 15ರಿಂದ 19ರ ಹುಡುಗಿಯರಲ್ಲಿ ರಕ್ತಹೀನತೆ ಇದ್ದವರು 2015-16ರಲ್ಲಿ ಶೇ 54.1, 2019-21ರಲ್ಲಿ ಶೇ 59.1. ಅದೇ ವಯಸ್ಸಿನ ಹುಡುಗರಲ್ಲಿ ಶೇ 31.1. ಅದೇ ಬೀದಿ, ಅದೇ ಗಾಡಿ, ಅದೇ ಗೋಬಿ. ಹುಡುಗರು ಇನ್ನೊಂದು ಪ್ಲೇಟು ಜಾಸ್ತಿಯೇ ತಿನ್ನುತ್ತಾರೆ, ನಾನು ನೋಡಿದ್ದೇನೆ. ಗೋಬಿಗೂ ಗಂಡು ಹೆಣ್ಣು ಭೇದ ಇರಬೇಕು.

ಇಷ್ಟು ಕೆಟ್ಟ ಅಂಕಿ ಬಂದ ಮೇಲೆ ಸರ್ಕಾರ ಸುಮ್ಮನೆ ಕೂತೀತೆ? ಮುಂದಿನ ಸಮೀಕ್ಷೆಯಿಂದ ರಕ್ತಹೀನತೆಯ ಪರೀಕ್ಷೆಯನ್ನೇ ಕೈಬಿಟ್ಟಿತು. ಬೆರಳ ತುದಿ ಚುಚ್ಚಿ ತೆಗೆದ ಹನಿಯಲ್ಲಿ ಲೆಕ್ಕ ಸರಿ ಬರುವುದಿಲ್ಲವಂತೆ, ರಕ್ತನಾಳದಿಂದಲೇ ತೆಗೆದು ಬೇರೆ ಸಮೀಕ್ಷೆ ಮಾಡಬೇಕಂತೆ. ವಿಜ್ಞಾನ ಇರಬಹುದು, ಒಪ್ಪೋಣ. ಆದರೂ ಬೆರಳಿಗೆ ಮಸಿ ಹಚ್ಚುವಾಗ ಕಣ್ಣು ಮುಚ್ಚಿ ನಂಬುವ ದೇಶ ಅದೇ ಬೆರಳಿನ ರಕ್ತವನ್ನು ಇಷ್ಟು ಅನುಮಾನಿಸಬಾರದಿತ್ತು.

ಇನ್ನು ಮೊಟ್ಟೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಎದ್ದ ಧೂಳು ಮರೆತಿರಾ? ಬೇಡದವರಿಗೆ ಬಾಳೆಹಣ್ಣು ಇತ್ತು. ಆದರೂ ಹೊಟ್ಟೆ ತುಂಬಿದ ಕೆಲವು ಸ್ವಾಮಿಗಳಿಗೆ ಆ ಮೊಟ್ಟೆ ಗಂಟಲಲ್ಲಿ ಸಿಕ್ಕಿಕೊಂಡಿತು, ತಿನ್ನುವವರು ಬೇರೆಯವರಾದರೂ. ಆಗ ಕೊಪ್ಪಳ ಕಡೆಯ ಒಬ್ಬ ವಿದ್ಯಾರ್ಥಿನಿ, ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅಂದುಬಿಟ್ಟಳು. ಪೌಷ್ಟಿಕತೆಯ ಬಗ್ಗೆ ಈ ರಾಜ್ಯದಲ್ಲಿ ನಾನು ಕೇಳಿದ ಅತ್ಯುತ್ತಮ ಭಾಷಣ ಅದು. ಅರ್ಧ ನಿಮಿಷವೂ ಇರಲಿಲ್ಲ.

ಮಠದವರನ್ನೇ ಯಾಕೆ ಅನ್ನಬೇಕು, ನಮ್ಮ ನಮ್ಮ ಅಡುಗೆಮನೆಗಳಿಲ್ಲವೆ? ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಹೆಂಗಸಿಗೆ 29. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವಳು ಅವಳು. ಬಡಿಸುವ ಹೊತ್ತಿಗೆ ಈ ಲೆಕ್ಕ ತಲೆಕೆಳಗು. ಮಗ ಬೆಳೆಯೋ ಹುಡುಗ, ಇನ್ನೊಂದು ಸೌಟು ಹಾಕು. ಮಗಳು ಬೆಳೆದುಬಿಟ್ಟಿದ್ದಾಳೆ, ಸಾಕು. ಎಲ್ಲರದೂ ಆದ ಮೇಲೆ ತಳ ಹತ್ತಿದ್ದನ್ನು ಕೆರೆದುಕೊಂಡು ಅಮ್ಮ, ಅಮ್ಮನ ಜೊತೆಗೆ ಅವಳು. ಇದರಲ್ಲಿ ತಮಾಷೆ ಏನಿದೆ? ಏನೂ ಇಲ್ಲ. ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ, ಈ ಒಂದು ಕಡೆ ಮಾತ್ರ ನಗಿಸುವ ಸಾಲು ಹೊಳೆದಿಲ್ಲ.

ರಕ್ತಹೀನತೆಗೆಂದು ಸರ್ಕಾರ ಕೊಡುವ ಆ ನೀಲಿ ಮಾತ್ರೆಯ ಕಥೆಯೂ ಅಷ್ಟೆ. ವಾರಕ್ಕೊಂದು, 60 ಮಿಲಿಗ್ರಾಂ ಕಬ್ಬಿಣ. ಯೋಜನೆ ಚೆನ್ನಾಗಿದೆ, ಊಟವಾದ ಮೇಲೆ ನುಂಗಿ ಅಂತಲೂ ಇದೆ. ಏಳು ಗಂಟೆಯ ಬಸ್ಸು ಹಿಡಿಯಲು ಬರೀ ಟೀ ಕುಡಿದು ಓಡಿಬಂದವಳು ನುಂಗಿದರೆ ಹೊಟ್ಟೆ ತೊಳಸುತ್ತದೆ. ಮೇಲಾಗಿ ಟೀ ಆ ಕಬ್ಬಿಣ ಮೈಗೆ ಹತ್ತದ ಹಾಗೆ ತಡೆಯುತ್ತದೆ. ಅವಳು ಹೊಟ್ಟೆ ಹಿಡಿದುಕೊಂಡರೆ ‘ನಾಟಕ’ ಅನ್ನುತ್ತಾರೆ.

ನಮ್ಮ ಹುಡುಗಿಗೆ ಎರಡನೇ ಬಹುಮಾನ ಬಂತು. ಒತ್ತು ಬಿಟ್ಟವಳು ಅವಳೇ, ಇಲ್ಲದಿದ್ದರೆ ಮೊದಲನೆಯದೇ. ವಾಪಸ್ ಬರುವಾಗ ಎರಡೂವರೆ ಗಂಟೆ. ಬೆಳಿಗ್ಗೆ ಏನು ತಿಂದಿದ್ದೆ ಅಂದೆ. ರಂಗೋಲಿಗೆ ಬೇಗ ಬರೋಕೆ ಹೇಳಿದ್ರು ಅಂಕಲ್, ಟೀ ಕುಡಿದೆ ಅಂದಳು. ಸರ್ಕಲ್ಲಿನ ಗಾಡಿಯ ಮುಂದೆ ನಿಲ್ಲಿಸಿ ಏನು ಬೇಕು ಅಂದರೆ ಆ ಕಡೆ ಈ ಕಡೆ ನೋಡಿ, ಅತಿಥಿಗಳ ಕಾರು ಇಲ್ಲವೆಂದು ಖಾತ್ರಿ ಮಾಡಿಕೊಂಡು, ‘ಗೋಬಿ’ ಅಂದಳು.

ಪ್ಲೇಟಿನಲ್ಲಿ ಮಣ್ಣುಬಣ್ಣದ ಏನೋ ಬಂತು. ಯಾಕಪ್ಪಾ ಹೀಗಿದೆ ಎಂದು ಕೇಳಿದೆ.

‘ಕೆಂಪು ಹಾಕಂಗಿಲ್ಲ ಸಾರ್, ಹುಡುಗೀರ ಆರೋಗ್ಯ ಕೆಡ್ತದಂತೆ.’