ತಪ್ಪಿನ ಸಿಲ್ಸಿಲಾ

ವಿಶ್ವವಿದ್ಯಾಲಯವೊಂದರ ಗೇಟಿನ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಡಿಟಿಪಿ, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್. ಅದರ ಕೆಳಗೆ ಹೊಸ ಬಣ್ಣದಲ್ಲಿ, ‘ಕೃತಿಚೌರ್ಯ ಕಡಿಮೆ ಮಾಡಿಕೊಡಲಾಗುವುದು’. ಪೂರ್ತಿ ತೆಗೆಯುವುದಿಲ್ಲ, ಕಡಿಮೆ ಮಾಡುತ್ತಾರೆ, ರಕ್ತದೊತ್ತಡದ ಹಾಗೆ.

ಲೆಕ್ಕ ಯುಜಿಸಿಯದೇ. 2018ರ ನಿಯಮದಂತೆ ಪಿಎಚ್‌.ಡಿ ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 40 ದಾಟಿದರೆ ಒಂದು ವರ್ಷ ಮನೆಯಲ್ಲಿರಬೇಕು, 60 ದಾಟಿದರೆ ನೋಂದಣಿಯೇ ರದ್ದು. ಸಾಲಾಗಿ 14 ಪದ ಒಂದೇ ಆಗಿದ್ದರೆ ಅದು ಕಾಕತಾಳೀಯ. ಕಳ್ಳತನ ಶುರುವಾಗುವುದು 15ನೆಯ ಪದದಿಂದ.

ಅಲ್ಲಿ ಸಿಕ್ಕ ನನ್ನ ಪರಿಚಯದ ಸಂಶೋಧಕನ ವಿಷಯ ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇ ನವಾಜ್. 46 ಇದ್ದ ಹೋಲಿಕೆ ಒಂದೇ ರಾತ್ರಿಯಲ್ಲಿ 9ಕ್ಕೆ ಇಳಿದಿತ್ತು. ಅಂಗಡಿಯ ಹುಡುಗ ಸಿಕ್ಕ ಪದಕ್ಕೆಲ್ಲ ಪರ್ಯಾಯ ಪದ ತುಂಬಿದ್ದ. ಖ್ವಾಜಾ ಅವರ ಗುರು ನಸೀರುದ್ದೀನರ ಬಿರುದು ‘ಚಿರಾಗ್ ದೆಹಲಿ’, ಅಂದರೆ ದೆಹಲಿಯ ದೀಪ, ಹೋಗಿ ಅವರು ‘ರಾಜಧಾನಿಯ ಲಾಂದ್ರ’ ಆಗಿದ್ದರು. ಉರುಸ್ ಇದ್ದ ಕಡೆಯೆಲ್ಲ ‘ವಿವಾಹ ಮಹೋತ್ಸವ’. (ಉರುಸ್ ಪದದ ಮೂಲ ಅರ್ಥ ಮದುವೆಯೇ. ಆ ಹುಡುಗ ಮಾಡಿದ್ದರಲ್ಲಿ ಸರಿಯಾದದ್ದು ಇದೊಂದೇ, ಅದೂ ಅವನಿಗೆ ಗೊತ್ತಿಲ್ಲದೆ.)

ಅನುಬಂಧದಲ್ಲಿ ಕ್ಷೇತ್ರಕಾರ್ಯ. ದರ್ಗಾದ ಮುಂದೆ ಕೂಲಿಂಗ್ ಗ್ಲಾಸ್ ಹಾಕಿ ನಿಂತ ಒಂದು ಫೋಟೊ, ಅದರ ಹಿಂದೆ ನೂರು ಪ್ರಶ್ನಾವಳಿ. ಆಳಂದದ ಅಜ್ಜಿ, ಕಲಬುರಗಿಯ ಹೂವಿನ ವ್ಯಾಪಾರಿ, ನಿವೃತ್ತ ತಹಶೀಲ್ದಾರ್, ಎಲ್ಲರೂ ಒಂದೇ ನೀಲಿ ಪೆನ್ನಿನಲ್ಲಿ ಬರೆದಿದ್ದಾರೆ. ‘ಳ’ದ ಬಾಲವನ್ನು ಎಲ್ಲರೂ ಒಂದೇ ರೀತಿ ಬಲಕ್ಕೆ ಎಳೆದಿದ್ದಾರೆ. ಇಂಥ ಭಾವೈಕ್ಯವನ್ನು ಸೂಫಿಗಳೂ ಸಾಧಿಸಿರಲಿಲ್ಲ.

ಮೂರನೆಯ ಅಧ್ಯಾಯದಲ್ಲಿ ಮಾತ್ರ ನನ್ನ ಕಣ್ಣು ನಿಂತಿತು. ‘ಮೇರಾಜುಲ್ ಆಶಿಖೀನ್’ ಎಂಬ ದಖನಿ (ದಖ್ಖನ್ನಿನ ಹಳೆಯ ಉರ್ದು) ಗದ್ಯಕೃತಿಯನ್ನು ಖ್ವಾಜಾ ಅವರೇ ಬರೆದರು ಎಂದಿತ್ತು. ಅವರು ತೀರಿಕೊಂಡದ್ದು 1422ರಲ್ಲಿ. ಆ ಕೃತಿ ಅದಾಗಿ ಎರಡು ಶತಮಾನಕ್ಕೂ ಮಿಕ್ಕಿದ ಮೇಲೆ ಬಿಜಾಪುರದ ಮಖ್ದೂಮ್ ಶಾಹ್ ಹುಸೇನಿ ಬರೆದದ್ದು ಎಂದು ಹೈದರಾಬಾದಿನ ವಿದ್ವಾಂಸ ಹಫೀಜ್ ಖತೀಲ್ ತೋರಿಸಿಕೊಟ್ಟು ಎಷ್ಟೋ ಕಾಲವಾಯಿತು.

ತಮಾಷೆಯೆಂದರೆ ಈ ರೋಗವನ್ನು ಮೊದಲೇ ಹಿಡಿದಿದ್ದವರು ಆ ‘ಲಾಂದ್ರ’ದವರೇ. ತಮ್ಮ ಚಿಶ್ತಿ ಸೂಫಿ ಪಂಥದ ಹಿರಿಯರ ಹೆಸರಿನಲ್ಲಿ ಓಡಾಡುತ್ತಿದ್ದ ಮಾತುಗಳ ಸಂಗ್ರಹಗಳು ಅವರವಲ್ಲ ಎಂದು 14ನೆಯ ಶತಮಾನದಲ್ಲೇ ಹೇಳಿಬಿಟ್ಟಿದ್ದರು. ತಂತ್ರಾಂಶವಿಲ್ಲ, ಶೇಕಡಾವಾರು ಇಲ್ಲ, ಓದಿಯೇ ಹೇಳಿದ್ದರು. ತಕ್ಕ ಉತ್ತರಾಧಿಕಾರಿ ಕಾಣದೆ ಗುರುಪರಂಪರೆಯ ನಿಲುವಂಗಿ, ಕೋಲು, ಜಪಮಾಲೆಗಳನ್ನು ತಮ್ಮ ಜೊತೆಯಲ್ಲೇ ಹೂಳಿಸಿಕೊಂಡರಂತೆ. ನಮ್ಮ ಮಾರ್ಗದರ್ಶಕರು ಇಷ್ಟು ಬಿಗಿಯಾದರೆ ಘಟಿಕೋತ್ಸವದ ಶಾಮಿಯಾನಾದವನು ಉಪವಾಸ ಬೀಳುತ್ತಾನೆ.

ತಪ್ಪನ್ನು ತೋರಿಸಿದೆ. ಸಂಶೋಧಕ ಮೆಲ್ಲಗೆ ಹೇಳಿದ: “ಸರ್, ನಮ್ಮ ಗೈಡ್ ಅವರ ಪ್ರಬಂಧದಲ್ಲೂ ಹಾಗೆಯೇ ಇದೆ. ಅವರ ಗೈಡ್ ಪ್ರಬಂಧದಲ್ಲೂ.”

ಸೂಫಿಗಳು ಇದನ್ನು ಸಿಲ್ಸಿಲಾ ಎನ್ನುತ್ತಾರೆ. ಗುರುವಿನಿಂದ ಶಿಷ್ಯನಿಗೆ ಕಡಿಯದೆ ಹರಿದುಬರುವ ಸರಪಳಿ. ಅಲ್ಲಿ ಹರಿಯುವುದು ಅರಿವು, ಇಲ್ಲಿ ಮೂರನೆಯ ಅಧ್ಯಾಯ.

ಆದರೂ ಸಂಶೋಧಕ ಒಳ್ಳೆಯವನು, ತಿದ್ದಲು ಒಪ್ಪಿದ. ಸರಿಯಾದ ಮಾಹಿತಿ ಇದ್ದ ಲೇಖನದಿಂದ ಎರಡು ಪುಟ ಎತ್ತಿ ಸೇರಿಸಿ ಮತ್ತೆ ಯಂತ್ರಕ್ಕೆ ಹಾಕಿದರು. ಹೋಲಿಕೆ 11ಕ್ಕೆ ಏರಿತು. ಅಂಗಡಿಯವನು ನನ್ನತ್ತ ನೋಡಿದ ನೋಟ, ಮದುವೆಯ ಮನೆಯಲ್ಲಿ ಸೀನಿದವನನ್ನು ನೋಡುವ ನೋಟ.

ಎರಡು ಪುಟ ತೆಗೆದು ಹಳೆಯದನ್ನೇ ಕೂಡಿಸಿದರು. 9.

“ರಟ್ಟು ಕಪ್ಪೋ, ಮೆರೂನೋ?” ಎಂದು ಕೇಳಿದ ಅಂಗಡಿಯವನು.