ಅವನ ಎಲೆಗೆ ತುಪ್ಪ ಬಡಿಸಿ

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವ ವಯಸ್ಕರಿಗೆ ಮಧುಮೇಹ ಬಂದಾಗ, ಊರಿನ ಎಲ್ಲ ಸಕ್ಕರೆ ಕಾಯಿಲೆಯವರಿಗೆ ಹೇಳುವ ಪಥ್ಯವನ್ನೇ ಅವರಿಗೂ ಹೇಳುವುದು ಜೀವಕ್ಕೆ ಕುತ್ತು ತರಬಲ್ಲ ತಪ್ಪು ಎಂದು ನಾನು ನಂಬಿದ್ದೇನೆ. ಹಾಸನದಲ್ಲಿ ಈ ಕಾಯಿಲೆಯ ಹೆಸರು ಕೇಳಿದವರೇ ಕಡಿಮೆ. ನನ್ನ ತಮ್ಮನಿಗೆ ಇದು ಹುಟ್ಟಿನಿಂದಲೂ ಇದೆ. ಚಿಕ್ಕಂದಿನಲ್ಲಿ ಅವನ ಬಿಡದ ಕೆಮ್ಮನ್ನು ಕಂಡು ಕ್ಷಯವಿರಬೇಕೆಂದು ಅನುಮಾನಿಸಿದವರೇ ಹೆಚ್ಚು.

ತಂದೆ ತಾಯಿ ಇಬ್ಬರಿಂದಲೂ ಸಿಎಫ್‌ಟಿಆರ್ ಎಂಬ ಜೀನಿನ ದೋಷ ಬಂದಾಗ ಮಾತ್ರ ಈ ಕಾಯಿಲೆ ಬರುತ್ತದೆ. ಶ್ವಾಸಕೋಶದ ಕಫದಂತೆಯೇ ಮೇದೋಜೀರಕ ಗ್ರಂಥಿಯ ಸ್ರಾವವೂ ಗಟ್ಟಿಯಾಗಿ, ನಾಳಗಳು ಕಟ್ಟಿಕೊಂಡು, ಜೀರ್ಣರಸ ಕರುಳನ್ನು ತಲುಪುವುದೇ ಇಲ್ಲ. ತಿಂದ ಜಿಡ್ಡು ಮೈಗೆ ಹತ್ತದೆ ಮಲದಲ್ಲಿ ಹೊರಟುಹೋಗುತ್ತದೆ. ಆದ್ದರಿಂದಲೇ ಹೆಚ್ಚಿನವರು ಪ್ರತಿ ಊಟದ ಜೊತೆಗೂ ಎನ್‌ಜೈಮ್ ಕ್ಯಾಪ್ಸೂಲ್ ನುಂಗಬೇಕು. ವರ್ಷಗಳು ಕಳೆದಂತೆ ಅದೇ ಗ್ರಂಥಿ ಹಾಳಾಗುತ್ತಾ ಇನ್ಸುಲಿನ್ ಕೂಡ ಸಾಲದಾಗುತ್ತದೆ. ಈ ಕಾಯಿಲೆಯ ವಯಸ್ಕರಲ್ಲಿ ಶೇ 40ರಿಂದ 50ರಷ್ಟು ಮಂದಿಗೆ ಮಧುಮೇಹ ಬರುವುದು ಹೀಗೆ. ಬೊಜ್ಜಿಗೂ ಅದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ.

ತಮ್ಮನಿಗೆ ಸಕ್ಕರೆ ಏರಿರುವುದು ಗೊತ್ತಾದಾಗ ಒಂದು ಕ್ಲಿನಿಕ್‌ನಲ್ಲಿ ಅಚ್ಚಾದ ಹಾಳೆಯೊಂದನ್ನು ಕೈಗಿತ್ತರು. ಅನ್ನ ಕಡಿಮೆ ಮಾಡಿ, ತುಪ್ಪ ಬಿಡಿ, ಉಪ್ಪು ಕಡಿಮೆ ಮಾಡಿ, ತೂಕ ಇಳಿಸಿ ಎಂದು ಅದರಲ್ಲಿತ್ತು. ನಲವತ್ತೇಳು ಕೆ.ಜಿ. ತೂಗುವ ಹುಡುಗನಿಗೆ! ಆಮೇಲೆ ನೆಂಟರ ಮದುವೆಯೊಂದರಲ್ಲಿ ಅವನು ಅಂಗೈಯಲ್ಲಿದ್ದ ಕ್ಯಾಪ್ಸೂಲ್‌ಗಳನ್ನು ನುಂಗಿ ಅನ್ನಕ್ಕೆ ಕೈ ಹಾಕುವಷ್ಟರಲ್ಲಿ, ಪಕ್ಕದಲ್ಲಿದ್ದ ನಮ್ಮ ಸೋದರತ್ತೆ ತುಪ್ಪದವರನ್ನು ತಡೆದು, "ಅವನಿಗೆ ಹಾಕಬೇಡಪ್ಪ, ಶುಗರ್ ಇದೆ" ಎಂದರು. ಅತ್ತೆಯ ಅಕ್ಕರೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅವನಿಗೆ ಆ ತುಪ್ಪ ಬೇಕಾಗಿತ್ತು. ಬೇಡವಾಗಿದ್ದದ್ದು ಛತ್ರದ ಬಾಗಿಲಲ್ಲೇ ಬಲವಂತ ಮಾಡಿ ಕುಡಿಸಿದ ಬಣ್ಣದ ಜ್ಯೂಸ್.

ಹಾಗೆಂದು, ಈ ಕಾಯಿಲೆಯವರು ಹೆಚ್ಚು ಕ್ಯಾಲೊರಿ ತಿನ್ನಬೇಕೆಂಬ ಹಳೆಯ ಸಲಹೆಯೂ ಪೂರ್ತಿ ಸರಿಯೆಂದು ನಾನು ಹೇಳಲಾರೆ. 1950ರ ದಶಕದಲ್ಲಿ ಈ ಮಕ್ಕಳು ಶಾಲೆಯ ವಯಸ್ಸು ಮುಟ್ಟುವುದೇ ಅಪರೂಪವಾಗಿತ್ತು. ಮುಂದೆ, ಇತರರಿಗಿಂತ ಹೆಚ್ಚು ಕ್ಯಾಲೊರಿ, ಅದರಲ್ಲಿ ಶೇ 35ರಿಂದ 40ರಷ್ಟು ಜಿಡ್ಡಿನಿಂದ ಎಂಬ ಪದ್ಧತಿ ಬಂದು ಅನೇಕರನ್ನು ಉಳಿಸಿತು. ಆದರೆ ಕ್ಯಾಲೊರಿ ಎಲ್ಲಿಂದ ಬಂದರೇನು ಎಂಬ ಉದಾಸೀನದಿಂದ ತಂಪು ಪಾನೀಯ, ಬೇಕರಿ ತಿಂಡಿಗಳೂ ಪಥ್ಯದ ಭಾಗವಾಗಿಬಿಟ್ಟವು. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಕಾಯಿಲೆಯ ಮೂಲ ದೋಷವನ್ನೇ ತಕ್ಕಮಟ್ಟಿಗೆ ಸರಿಪಡಿಸುವ ಮೂರು ಔಷಧಗಳ ಸಂಯುಕ್ತ ಮಾತ್ರೆ ಸಿಗುವ ದೇಶಗಳಲ್ಲಿ ಈಗ ಅತಿತೂಕದ ಚಿಂತೆಯೂ ಶುರುವಾಗಿದೆ. ಆ ಮಾತ್ರೆಯ ಬೆಲೆ ನಮ್ಮಂಥವರ ಕೈಗೆ ಎಟುಕುವುದಿಲ್ಲವಾದ್ದರಿಂದ ಅಲ್ಲಿನ ಎಚ್ಚರಿಕೆಯನ್ನು ಹಾಗೆಯೇ ಇಲ್ಲಿಗೆ ತರಲಾಗದು.

ನಮ್ಮ ಮನೆಯಲ್ಲಿ ಅನ್ನ ನಿಂತಿಲ್ಲ. ಅಕ್ಕಿ ರೊಟ್ಟಿಯ ಮೇಲೆ ಬೆಣ್ಣೆ, ಅವರೆಕಾಳಿನ ಸಾರು, ಮೊಟ್ಟೆ, ಕಡಲೆಬೀಜ ಎಲ್ಲವೂ ಇವೆ. ಸಕ್ಕರೆ ಹಾಕಿದ ಪಾನೀಯಗಳನ್ನು ಬಿಟ್ಟಿದ್ದೇವೆ. ಬೆವರಿನಲ್ಲಿ ಉಪ್ಪು ಹೆಚ್ಚಾಗಿ ಹೋಗುವ ಕಾಯಿಲೆಯಾದ್ದರಿಂದ ಬೇಸಿಗೆಯಲ್ಲಿ ಮಜ್ಜಿಗೆಗೆ ಉಪ್ಪು ಧಾರಾಳವಾಗಿಯೇ ಬೀಳುತ್ತದೆ. ಊಟಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸಿಕೊಳ್ಳಬೇಕೇ ಹೊರತು ಇನ್ಸುಲಿನ್‌ಗೆ ಹೆದರಿ ಊಟ ಕಡಿಮೆ ಮಾಡಬಾರದು. ಇನ್ಸುಲಿನ್ ಸಾಲದಿದ್ದರೆ ಮೈ ಸೊರಗುತ್ತದೆ, ಅದರೊಂದಿಗೆ ಶ್ವಾಸಕೋಶದ ಶಕ್ತಿಯೂ ಕುಂದುತ್ತದೆ. ಮಧುಮೇಹ ಪತ್ತೆಯಾಗುವುದಕ್ಕೆ ಕೆಲವು ವರ್ಷ ಮೊದಲೇ ಈ ಇಳಿತ ಆರಂಭವಾಗಿರಬಹುದು.

ಆದ್ದರಿಂದ ಈ ಕಾಯಿಲೆ ಇರುವವರಿಗೆ ಹತ್ತನೆಯ ವಯಸ್ಸಿನಿಂದ ಪ್ರತಿ ವರ್ಷವೂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ನಂತರ ರಕ್ತ ನೋಡುವ ಪರೀಕ್ಷೆ ಮಾಡಿಸಬೇಕು. ಖಾಲಿ ಹೊಟ್ಟೆಯ ಸಕ್ಕರೆ ಸರಿಯಿದೆಯೆಂದು ಸುಮ್ಮನಾಗಬಾರದು, ಏಕೆಂದರೆ ಇವರಲ್ಲಿ ಮೊದಲು ಏರುವುದು ಊಟದ ನಂತರದ ಸಕ್ಕರೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಕೂಡ ಇವರಲ್ಲಿ ವಾಸ್ತವಕ್ಕಿಂತ ಕಡಿಮೆ ತೋರಿಸಬಹುದು. ಇದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡುವ ನಮ್ಮೂರಿನ ಲ್ಯಾಬ್‌ಗಳಲ್ಲೇ ಇದನ್ನೂ ಮಾಡಿಸಬಹುದು. ವೈದ್ಯರು ಚೀಟಿ ಬರೆದುಕೊಟ್ಟರೆ ಸಾಕು.