ಬಿಟ್ಟಿ ನೋಟ

ಅಂಗಡಿಯ ಗಾಜಿಗೆ ಮೂಗು ತಾಗಿಸಿ ನಿಲ್ಲುವುದು ನನ್ನ ಹಳೇ ಚಾಳಿ. ಕೊಳ್ಳೋದೇನೂ ಇರುವುದಿಲ್ಲ, ಸುಮ್ನೆ ನೋಡುವುದು. ಒಳಗಿನವರು ಬಾಗಿಲ ಕಡೆ ಬಂದರೆ ಮೆಲ್ಲಗೆ ಜಾಗ ಖಾಲಿ ಮಾಡುತ್ತೇನೆ.

ನನ್ನಂಥವರಿಗೆ ಹೇಳಿ ಮಾಡಿಸಿದ ಅಂಗಡಿಯೊಂದು ಲಂಡನ್ನಿನಲ್ಲಿತ್ತು. ಸೇಂಟ್ ಜೇಮ್ಸ್ ಸ್ಟ್ರೀಟ್, ನಂಬರ್ 27. ಹ್ಯಾನಾ ಹಂಫ್ರಿ ಎಂಬಾಕೆಯ ಚಿತ್ರದಂಗಡಿ, 1797ರಲ್ಲಿ ಅಲ್ಲಿಗೆ ಬಂದದ್ದು. ಮೇಲಿನ ಮಹಡಿಯಲ್ಲಿ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ವಾಸ. ಅವನು ತಾಮ್ರದ ತಗಡಿನ ಮೇಲೆ ಗೀಚಿದ್ದು ಅಚ್ಚಾಗಿ, ಕೈಯಲ್ಲಿ ಬಣ್ಣ ಹಚ್ಚಿಸಿಕೊಂಡು ಕಿಟಕಿಗೆ ಬರುತ್ತಿತ್ತು. ಕೊಳ್ಳಲು ಕಾಸು ಬೇಕು. ನಗಲು ಬೇಡ.

ಮಜಾ ಏನೆಂದರೆ, ದೊಡ್ಡವರ ಕ್ಲಬ್ಬುಗಳೂ ಅದೇ ಬೀದಿಯಲ್ಲಿ. ಪ್ರಧಾನಿ ಪಿಟ್ ಗಿಲ್‌ರೇ ಕೈಯಲ್ಲಿ ಒಣಕಲು ಕಡ್ಡಿ, ಎದುರಾಳಿ ಫಾಕ್ಸ್ ಪೊದೆ ಹುಬ್ಬಿನ ಡುಮ್ಮ. ಕ್ಲಬ್ಬಿಗೆ ಹೋಗುವ ದಾರಿಯಲ್ಲಿ ತನ್ನದೇ ಹೊಟ್ಟೆ ಕಿಟಕಿಯಲ್ಲಿ ನೇತಾಡುವುದನ್ನು ನೋಡಬೇಕು, ಪಾಪ! ಯುವರಾಜನನ್ನೂ ಬಿಡಲಿಲ್ಲ. 1792ರ ಚಿತ್ರದಲ್ಲಿ ಅವನು ಉಂಡು ತೇಗಿ ಫೋರ್ಕಿನಿಂದ ಹಲ್ಲು ಕೆದಕುತ್ತಿದ್ದಾನೆ. ತೀರಿಸದ ಬಿಲ್ಲುಗಳ ಮೇಲೆ ತುಂಬಿದ ಮೂತ್ರದ ಪಾತ್ರೆ. ಇಷ್ಟಾದರೂ ಅವನು ಇಂಥ ಚಿತ್ರಗಳನ್ನು ಕೊಂಡು ಕೂಡಿಡುತ್ತಿದ್ದ.

ಮೂತ್ರ ಎಂದಾಗ ನೆನಪಾಯಿತು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣದ ಹತ್ತಿರ ಬಂದ. ಮಳೆ ಹಿಡಿಯಿತು, ಎತ್ತುಗಳು ಸತ್ತವು. ಎಳೆಯಲು ಎತ್ತಿಲ್ಲದೆ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸು ಹೊರಟ. ಸುದ್ದಿ ಲಂಡನ್ ಮುಟ್ಟಿ, ಡಿಸೆಂಬರಿನಲ್ಲಿ ಗಿಲ್‌ರೇ ಚಿತ್ರ ಬಂತು. ಕಾರ್ನ್‌ವಾಲಿಸ್ ಕತ್ತೆಯ ಮೇಲೆ ಓಡುತ್ತಿದ್ದಾನೆ. ಕೋಟೆಗೋಡೆಯ ಮೇಲೆ ನಿಂತ ಟಿಪ್ಪು ಅವನತ್ತ ಉಚ್ಚೆ ಹೊಯ್ಯುತ್ತಿದ್ದಾನೆ. ಚಿತ್ರದ ಹೆಸರು ‘ಮುಂಗಾರಿನ ಆಗಮನ’! ನಮ್ಮ ಮುಂಗಾರಿಗೆ ಇಂಥ ಅರ್ಥ ಯಾರಿಗೂ ಹೊಳೆದಿರಲಿಲ್ಲ, ಅಲ್ವಾ? ಗೆದ್ದವನಿಗಿಂತ ಓಡಿದವನ ಮಾನವೇ ಜಾಸ್ತಿ ಹೋಗಿದೆ. ಅದೂ ಅವನ ಊರಲ್ಲೇ.

1808ರಲ್ಲಿ ಗಿಲ್‌ರೇ ಆ ಅಂಗಡಿಯನ್ನೇ ಚಿತ್ರಿಸಿದ. ಚಳಿಗಾಲ. ಮುದುಕನೊಬ್ಬ ಜಾರಿ ಬಿದ್ದಿದ್ದಾನೆ. ಚಿಲ್ಲರೆ ಚೆಲ್ಲಾಪಿಲ್ಲಿ, ಕೈಯಲ್ಲಿ ಥರ್ಮಾಮೀಟರ್ ಮಾತ್ರ ನೆಟ್ಟಗೆ. ಹಿಂದೆ ಕಿಟಕಿಗೆ ಕಣ್ಣು ನೆಟ್ಟು ನಿಂತವರು ಒಬ್ಬರೂ ತಿರುಗಿಲ್ಲ. ಎಂಥ ಜನ ಅಂತ ಬೈದುಕೊಂಡೆ. ಆಮೇಲೆ ನೋಡುತ್ತೇನೆ, ಆ ಕಿಟಕಿಯ ಪುಟ್ಟ ಚಿತ್ರಗಳು ಯಾವುವು ಅಂತ ಗುರುತಿಸಲು ಫೋನಿನಲ್ಲಿ ಹಿಗ್ಗಿಸಿ, ಹಿಗ್ಗಿಸಿ, ಮುದುಕನನ್ನು ನಾನೇ ಪರದೆಯಿಂದ ಆಚೆ ತಳ್ಳಿಬಿಟ್ಟಿದ್ದೆ.